ಕಥೆ ಗೊತ್ತಿದ್ದರೂ ಮತ್ತೆ ಓದುವುದೇಕೆ?

ಪ್ರಶ್ನೆ: ನಮ್ಮಜ್ಜ ಒಂದೇ ಕಾದಂಬರಿಯನ್ನು ಪ್ರತಿವರ್ಷ ಓದುತ್ತಾರೆ. ಕಥೆ ಗೊತ್ತಾದ ಮೇಲೆ ಮತ್ತೇನು ಸಿಗುತ್ತದೆ? ನಿಮಗೂ ಅಂಥ ಪುಸ್ತಕ ಇದೆಯೇ?

ಉತ್ತರ: ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಟ್ಟ ಕಾದಂಬರಿ. ಹಾರುವ ಓತಿಯೊಂದರ ಬೆನ್ನುಹತ್ತಿ ಕೆಲವರು ಮಲೆನಾಡಿನ ಕಾಡಿಗಿಳಿಯುತ್ತಾರೆ, ಅದು ಕೊನೆಗೆ ಕೈತಪ್ಪಿ ಹಾರಿಹೋಗುತ್ತದೆ. (ಇಂಥ ಓತಿ ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಇದೆ. ಪಕ್ಕೆಲುಬುಗಳ ಆಸರೆಯಲ್ಲಿ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುತ್ತದೆ.)

ಮೊದಲ ಸಲ ಓದುವಾಗ ಗಮನವೆಲ್ಲ ಓತಿಯ ಮೇಲೆ. ಸಿಕ್ಕೀತೇ, ಇಲ್ಲವೇ ಎಂಬ ಆತುರಕ್ಕೆ ಪುಟಗಳು ಸರಿದುಹೋಗುತ್ತವೆ. ಎರಡನೆಯ ಓದಿಗೆ ಆ ಆತುರವಿಲ್ಲ. ಆಗಲೇ ನನಗೆ ಮಂದಣ್ಣ ಸರಿಯಾಗಿ ಕಂಡದ್ದು. ಊರವರ ಲೆಕ್ಕದಲ್ಲಿ ಅವನೊಬ್ಬ ಕೆಲಸಕ್ಕೆ ಬಾರದ ಹುಡುಗ. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಕಾಡನ್ನು ಬಲ್ಲ ಅಪರೂಪದ ಮನುಷ್ಯ. ವಿದ್ಯೆಯನ್ನು ಅಂಕಪಟ್ಟಿಯಲ್ಲಿ ಅಳೆಯುವುದನ್ನು ನಾನು ಬಿಟ್ಟದ್ದು ಆ ಓದಿನಿಂದ. ವಯಸ್ಸಾದಂತೆ, ಬೇಸಾಯದ ಜಂಜಾಟದಿಂದ ಬೇಸತ್ತ ನಿರೂಪಕನೇ ಹತ್ತಿರದವನಾದ. ಅದೇ ಕಾಡು ಅವನಿಗೆ ಬೇರೆಯಾಗಿ ಕಾಣತೊಡಗುವ ಪುಟಗಳಲ್ಲಿ ಈಗ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಓದುವವನ ಬದುಕು ಬದಲಾಗಿದೆ. ಬಹುಶಃ ನಿಮ್ಮಜ್ಜನ ವಿಷಯವೂ ಹೀಗೆಯೇ. ಈ ಸಲ ಯಾವ ಪುಟದಲ್ಲಿ ನಿಂತಿರಿ, ಯಾಕೆ ಎಂದು ಅವರನ್ನೇ ಕೇಳಿ. ಆಮೇಲೆ ಅವರ ಪ್ರತಿಯನ್ನೇ ಇಸಿದುಕೊಂಡು ನೀವೂ ಒಮ್ಮೆ ಓದಿ.