ಮರೆವು ವಯಸ್ಸಿನದೋ, ಗುಳಿಗೆಯದೋ?

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ಮನೆಗಳಲ್ಲಿ ಬಹು ಸಲೀಸಾಗಿ ನಾಲಗೆಯ ಮೇಲೆ ಬರುತ್ತದೆ. ಹಿರಿಯರು ಮೊಮ್ಮಗನ ಹೆಸರನ್ನು ತಪ್ಪಿ ಕರೆದರೆ, ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಮನೆಯೆಲ್ಲ ಹುಡುಕಿದರೆ, ಹೇಳುತ್ತಿದ್ದ ಮಾತನ್ನು ನಡುವೆ ಬಿಟ್ಟು ಗೋಡೆ ನೋಡುತ್ತ ಕುಳಿತರೆ, ಈ ಒಂದು ಗಾದೆಯಿಂದ ಎಲ್ಲ ವಿಚಾರಣೆಯೂ ಮುಗಿದುಹೋಗುತ್ತದೆ. ವಯಸ್ಸಾಯಿತು, ಇನ್ನೇನು ಮಾಡುವುದು ಎಂದು ಮನೆಯವರು ಸುಮ್ಮನಾಗುತ್ತಾರೆ. ಹಿರಿಯರೂ ಅದನ್ನೇ ನಂಬಿ ಒಳಗೊಳಗೇ ಕುಗ್ಗುತ್ತಾರೆ. ಆದರೆ ಹೀಗೆ ವಯಸ್ಸಿನ ತಲೆಗೆ ಕಟ್ಟಿದ ಮರೆವಿನಲ್ಲಿ ಕೆಲವು ವೇಳೆ ವಯಸ್ಸಿನ ಪಾಲು ಅಲ್ಪವಾಗಿದ್ದು, ಕಾಲುರಿಗೆಂದೋ ನರಗಳ ನೋವಿಗೆಂದೋ ನಿತ್ಯ ನುಂಗುವ ಗುಳಿಗೆಯ ಪಾಲೇ ಅಧಿಕವಾಗಿರುತ್ತದೆ. ಗುಳಿಗೆಯಿಂದ ಬಂದ ಮರೆವನ್ನು ಬಹುಮಟ್ಟಿಗೆ ಹಿಂದಿರುಗಿಸಬಹುದು. ಈ ಭೇದವನ್ನು ತಿಳಿಯದೆ ಎಷ್ಟು ಮನೆಗಳಲ್ಲಿ ಹಿರಿಯರನ್ನು ಮೂಲೆಗೆ ಸೇರಿಸಲಾಗಿದೆಯೋ ಎಂಬ ಚಿಂತೆಯಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಬೇನೆಯನ್ನೂ ಔಷಧಿಯನ್ನೂ ಅನುಭವಿಸಿ, ಬಲ್ಲವರನ್ನು ಕೇಳಿ ತಿಳಿದವನು ಮಾತ್ರ.

ನರಗಳ ನೋವು ಉಳಿದ ನೋವುಗಳಂತಲ್ಲ. ಮುಳ್ಳು ಚುಚ್ಚಿದರೆ, ಮೊಣಕಾಲು ಬಾತುಕೊಂಡರೆ, ಅಲ್ಲಿಯ ಸುದ್ದಿಯನ್ನು ನರಗಳು ಮೆದುಳಿಗೆ ಮುಟ್ಟಿಸುತ್ತವೆ. ಇಲ್ಲಿಯಾದರೋ ಸುದ್ದಿ ಮುಟ್ಟಿಸಬೇಕಾದ ನರವೇ ಕೆಟ್ಟಿರುತ್ತದೆ. ಪೆಟ್ಟಿಲ್ಲದಿದ್ದರೂ ಪೆಟ್ಟಾಯಿತೆಂದು ಹಗಲಿರುಳು ಸುಳ್ಳು ಸುದ್ದಿಯನ್ನು ಕಳುಹುತ್ತಿರುತ್ತದೆ. ಬಹುಕಾಲ ಮಧುಮೇಹವಿದ್ದವರ ಅಂಗಾಲು ಕೆಂಡ ತುಳಿದಂತೆ ಉರಿಯುವುದು, ಸರ್ಪಸುತ್ತಿನ ಗುಳ್ಳೆಗಳು ಒಣಗಿ ಉದುರಿದ ಮೇಲೂ ಪಕ್ಕೆಗೆ ಅಂಗಿ ತಾಗಿದರೆ ಬೆಂಕಿ ತಾಗಿದಂತಾಗುವುದು, ಮುಖದ ಒಂದು ಪಾರ್ಶ್ವದಲ್ಲಿ ಮಿಂಚು ಹಾಯ್ದಂತೆ ನೋವು ಹಾಯುವುದು, ಇವೆಲ್ಲ ಈ ಜಾತಿಯವು. ಸಾಮಾನ್ಯವಾದ ನೋವಿನ ಗುಳಿಗೆಗಳಿಂದ ಇವುಗಳಿಗೆ ಹೆಚ್ಚಿನ ಉಪಶಮನ ದೊರೆಯುವುದಿಲ್ಲ.

ಇದಕ್ಕಾಗಿ ಕೊಡುವ ಔಷಧಿಗಳ ಕುಲಗೋತ್ರವನ್ನು ವಿಚಾರಿಸಿದರೆ ಒಂದು ವಿಶೇಷ ಕಂಡುಬರುತ್ತದೆ. ಅವುಗಳಲ್ಲಿ ಹಲವು ಮೊದಲು ಬೇರೆ ಬೇನೆಗಾಗಿ ಬಂದಂಥವು. ಅಮಿಟ್ರಿಪ್ಟಿಲಿನ್ ಎಂಬುದು 1961ರಲ್ಲಿ ಅಮೆರಿಕದಲ್ಲಿ ಮನೋವಿಷಾದಕ್ಕೆಂದು ಅಂಗೀಕಾರ ಪಡೆದ ಔಷಧಿ. ಮುಖದ ನರಶೂಲೆಗೆ ಕೊಡುವ ಕಾರ್ಬಮಜೆಪಿನ್ ಮೂರ್ಛೆರೋಗಕ್ಕೂ ಸಲ್ಲುವುದು. ಗ್ಯಾಬಾಪೆಂಟಿನ್ 1993ರಲ್ಲಿ ಮೂರ್ಛೆರೋಗದ ಔಷಧಿಯಾಗಿಯೇ ಅಲ್ಲಿ ಅಂಗೀಕಾರ ಪಡೆಯಿತು. ಸರ್ಪಸುತ್ತಿನ ಅನಂತರದ ನೋವಿಗೆ ಅದಕ್ಕೆ ಅನುಮತಿ ದೊರೆತದ್ದು 2002ರಲ್ಲಿ. ಅದರ ತಮ್ಮನೆನ್ನಬಹುದಾದ ಪ್ರೆಗಾಬಾಲಿನ್ 2004ರಲ್ಲಿ ಬಂದಿತು. ಈ ಕಡೆಯದೇ ಇಂದು ನಮ್ಮ ಊರುಗಳ ಔಷಧ ಅಂಗಡಿಗಳಲ್ಲಿ ಬಹುವಾಗಿ ಕಾಣುವಂಥದು.

ಗ್ಯಾಬಾಪೆಂಟಿನ್ ಮತ್ತು ಪ್ರೆಗಾಬಾಲಿನ್ ನರತಂತುವಿನ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಸೂಕ್ಷ್ಮ ದ್ವಾರದ ಒಂದು ಅಂಗಕ್ಕೆ ಅಂಟಿಕೊಳ್ಳುತ್ತವೆ. ದ್ವಾರ ಭಾಗಶಃ ಮುಚ್ಚಿದಂತಾಗಿ, ಒಂದು ನರದಿಂದ ಮತ್ತೊಂದಕ್ಕೆ ಹೋಗುವ ಸಂದೇಶದ ರಭಸ ತಗ್ಗುತ್ತದೆ, ಉರಿಯೂ ತಗ್ಗುತ್ತದೆ. ಆದರೆ ಅಂಥ ದ್ವಾರಗಳು ಮೆದುಳಿನಲ್ಲಿಯೂ ಇವೆ. ಉರಿಯುವ ಅಂಗಾಲಿನ ಸಂದೇಶವನ್ನು ಮಾತ್ರ ತಡೆದು, ಜ್ಞಾಪಕದ ಸಂದೇಶವನ್ನು ಮುಟ್ಟದೆ ಬಿಡುವ ವಿವೇಕ ಗುಳಿಗೆಗೆಲ್ಲಿಂದ ಬರಬೇಕು? ನೋವನ್ನು ಮಂಕು ಮಾಡುವ ಕೈಯೇ ಬುದ್ಧಿಯನ್ನೂ ಒಂದಿಷ್ಟು ಮಂಕು ಮಾಡಿಬಿಡುತ್ತದೆ. ಹಗಲಿನಲ್ಲಿ ತೂಕಡಿಕೆ, ನಡೆಯುವಾಗ ಜೋಲಿ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು, ಬಾಯಿಗೆ ಬಂದ ಪದ ಅಲ್ಲಿಯೇ ನಿಂತುಬಿಡುವುದು, ಲೆಕ್ಕದಲ್ಲಿ ತಡಬಡಿಸುವುದು, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು, ಇವು ಮಂಕಿನ ಲಕ್ಷಣಗಳು. ಅಮಿಟ್ರಿಪ್ಟಿಲಿನ್ ಹಾಗೂ ಅದರ ಬಳಗದ ನಾರ್ಟ್ರಿಪ್ಟಿಲಿನ್ ಬೇರೆ ದಾರಿಯಿಂದ ಅಲ್ಲಿಗೇ ಬರುತ್ತವೆ. ನೆನಪಿಗೆ ಅವಶ್ಯವಾದ ಅಸಿಟೈಲ್‌ಕೋಲಿನ್ ಎಂಬ ರಸದ ಕಾರ್ಯಕ್ಕೆ ಅಡ್ಡಿಯಾಗುತ್ತವೆ. ಬಾಯಾರಿಕೆ, ಮಲಬದ್ಧತೆ, ಮೂತ್ರ ಕಟ್ಟುವಿಕೆ ಜೊತೆಗೆ ಬಂದರೆ ಇದನ್ನು ಮೊದಲು ಶಂಕಿಸಬೇಕು. ಕಾರ್ಬಮಜೆಪಿನ್ ರಕ್ತದಲ್ಲಿಯ ಸೋಡಿಯಂ ಅಂಶವನ್ನು ಇಳಿಸಿ ವೃದ್ಧರನ್ನು ದಿಗ್ಭ್ರಮೆಗೆ ಈಡುಮಾಡಬಲ್ಲುದು.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಮಗೆ ಪುಸ್ತಕಕ್ಕಿಂತ ಕಂಠವೇ ಪ್ರಮಾಣವಾಗಿತ್ತು. ಬೆಳಗಿನ ಜಾವ ಎದ್ದು ಕಂಠಪಾಠ ಒಪ್ಪಿಸಿದ ಮೇಲೆಯೇ ಪ್ರಸಾದ. ಆ ಅಭ್ಯಾಸದ ಬಲದಿಂದ ಹಲವು ದಶಕ ಚೀಟಿಯನ್ನು ಹಿಡಿಯದೆ ಪ್ರವಚನ ಮಾಡಿದವನಿಗೆ, ಸರ್ಪಸುತ್ತು ಬಂದು ಹೋದ ವರ್ಷ ಒಂದು ವಿಚಿತ್ರ ಅನುಭವವಾಯಿತು. ಎಡಪಕ್ಕೆಯ ಉರಿಗೆಂದು 75 ಮಿಲಿಗ್ರಾಮಿನ ಪ್ರೆಗಾಬಾಲಿನ್ ದಿನಕ್ಕೆರಡು ಬಾರಿ ನಡೆದಿತ್ತು. ಉರಿ ಇಳಿಯಿತು, ನಿದ್ದೆ ಬಂದಿತು. ಆದರೆ ಸಾವಿರ ಸಲ ಹೇಳಿದ ಮಾತಿನ ನಡುವೆ ಮುಂದಿನ ಪದ ಬರಲೊಲ್ಲದು. ಅದು ಎಲ್ಲಿಯೋ ಇದೆಯೆಂಬುದು ತಿಳಿಯುತ್ತದೆ, ಅದರ ಲಯವೂ ಕಿವಿಯಲ್ಲಿದೆ, ಪದ ಮಾತ್ರ ಇಲ್ಲ. ಸಭೆಯಲ್ಲಿ ಕುಳಿತವರು ಗೌರವದಿಂದ ಕಾಯುತ್ತಾರೆ. ಆ ಗೌರವವೇ ಅಧಿಕ ಕಷ್ಟ. "ಗುರುಗಳಿಗೆ ವಯಸ್ಸಾತು" ಎಂದು ಹಿಂದಿನ ಸಾಲಿನಲ್ಲಿ ಒಬ್ಬರೆಂದದ್ದು ನನಗೆ ಕೇಳಿಸಿತು. ನನ್ನ ಸೊಸೆ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಔಷಧಿಯ ಲೆಕ್ಕವನ್ನೂ ಬರೆಯುವವಳು. ಅವಳು ಹಾಳೆ ತಿರುವಿ, "ಮಾವಾರ, ಗುಳಿಗಿ ಎರಡ ಮಾಡಿದ್ದು ಯಾವಾಗ, ನೀವು ತಡವರಿಸಾಕ ಹತ್ತಿದ್ದು ಯಾವಾಗ, ನೋಡ್ರಿ" ಎಂದಳು. ನಡುವೆ ಒಂಬತ್ತು ದಿನಗಳ ಅಂತರವಷ್ಟೆ. ಆ ಪುಸ್ತಕವನ್ನೇ ವೈದ್ಯರ ಮುಂದಿಟ್ಟೆವು. ಅವರು ಹಗಲಿನದನ್ನು ಹಂತಹಂತವಾಗಿ ಬಿಡಿಸಿ, ರಾತ್ರಿ ಒಂದನ್ನು ಮಾತ್ರ ಉಳಿಸಿದರು. ಮೂರು ನಾಲ್ಕು ವಾರಗಳಲ್ಲಿ ಪದಗಳು ಒಂದೊಂದಾಗಿ ತಮ್ಮ ಸ್ಥಾನಕ್ಕೆ ಬಂದವು. ಪಕ್ಕೆಯ ಉರಿ ಪೂರ್ತಿ ಹೋಗಿಲ್ಲ. ಆ ಒಪ್ಪಂದಕ್ಕೆ ನಾನು ಸಿದ್ಧನಿದ್ದೇನೆ.

ಒಂದೇ ಪ್ರಮಾಣದ ಗುಳಿಗೆ ಮಗನಿಗೆ ಏನೂ ಮಾಡದೆ ತಂದೆಯನ್ನು ಮಂಕಾಗಿಸುವುದಕ್ಕೆ ಮುಖ್ಯ ಕಾರಣ ಮೂತ್ರಪಿಂಡ. ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್ ಎರಡೂ ಮೂತ್ರಪಿಂಡದ ಮೂಲಕವೇ ಹೊರಹೋಗತಕ್ಕವು. ವಯಸ್ಸಾದಂತೆ, ಮಧುಮೇಹವಿದ್ದರಂತೂ ಮತ್ತಷ್ಟು, ಆ ಶಕ್ತಿ ಕುಂದುವುದರಿಂದ ನಿನ್ನೆಯದು ಹೋಗುವ ಮೊದಲೇ ಇಂದಿನದು ಸೇರಿ ರಕ್ತದಲ್ಲಿ ಔಷಧಿ ಮಡುಗಟ್ಟುತ್ತದೆ. ಕೃಶ ಶರೀರದ ವೃದ್ಧರಲ್ಲಿ ರಕ್ತದ ಕ್ರಿಯಾಟಿನಿನ್ ಸರಿಯಿದ್ದಂತೆ ಕಂಡರೂ ಮೂತ್ರಪಿಂಡದ ನಿಜವಾದ ಶಕ್ತಿ ಕಡಿಮೆಯಿರಬಹುದು. ಆದಕಾರಣ ವಯಸ್ಸು, ತೂಕ, ಮೂತ್ರಪಿಂಡದ ಪರೀಕ್ಷೆಯ ಫಲ ಈ ಮೂರನ್ನೂ ನೋಡಿ ಪ್ರಮಾಣವನ್ನು ನಿರ್ಧರಿಸಿರೆಂದು ವೈದ್ಯರನ್ನು ಕೇಳಿಕೊಳ್ಳುವುದು ಅವಿನಯವೇನೂ ಅಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು ಉಂಟು. ಪ್ರೆಗಾಬಾಲಿನ್ನಿಗೆ ಮೀಥೈಲ್‌ಕೊಬಾಲಮಿನ್ ಎಂಬ ಜೀವಸತ್ವವನ್ನು ಸೇರಿಸಿ ಒಂದೇ ಗುಳಿಗೆಯಾಗಿ ಮಾರುವುದು ಬಹು ರೂಢಿ. ಕೆಲವಕ್ಕೆ ನಾರ್ಟ್ರಿಪ್ಟಿಲಿನ್ನೂ ಕೂಡಿರುತ್ತದೆ. ಮನೆಯಲ್ಲಿ ಅದಕ್ಕೆ ನರದ ಗುಳಿಗೆ, ಶಕ್ತಿ ಗುಳಿಗೆ ಎಂದು ಹೆಸರು. ಶಕ್ತಿಯದಲ್ಲವೇ ಎಂದು ಒಂದರ ಬದಲು ಎರಡು ನುಂಗುವವರುಂಟು. ತನ್ನ ಚೀಟಿಯದನ್ನು ಪಕ್ಕದ ಮನೆಯ ಅಕ್ಕನಿಗೆ ಕೊಡುವವರುಂಟು. ಸಕ್ಕರೆ ರೋಗದ ವೈದ್ಯರೊಬ್ಬರು, ಬೆನ್ನಿನ ವೈದ್ಯರೊಬ್ಬರು ಬರೆದ ಎರಡು ಬೇರೆ ಹೆಸರಿನ ಗುಳಿಗೆಗಳಲ್ಲಿ ಒಂದೇ ಔಷಧಿ ಅಡಗಿರುವುದನ್ನೂ ನಾನು ಕಂಡಿದ್ದೇನೆ. ಪೊಟ್ಟಣದ ಮೇಲೆ ದೊಡ್ಡ ಅಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು, ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕು. ಕಣ್ಣು ಚುರುಕಾದ ಮೊಮ್ಮಕ್ಕಳಿಗೆ ಈ ಕೆಲಸ ಒಪ್ಪಿಸಬಹುದು. ಇದರ ಮೇಲೆ ನೆಗಡಿ ಕೆಮ್ಮಿನ ಕೆಲವು ಔಷಧಿಗಳು, ನಿದ್ದೆಯ ಗುಳಿಗೆ, ಮದ್ಯ ಇವು ಸೇರಿದರೆ ಮಂಪರು ಇಮ್ಮಡಿಸುತ್ತದೆ. ವೃದ್ಧರಲ್ಲಿ, ಶ್ವಾಸದ ತೊಂದರೆಯಿದ್ದವರಲ್ಲಿ, ಅಫೀಮಿನ ಜಾತಿಯ ನೋವುಗುಳಿಗೆ ತೆಗೆದುಕೊಳ್ಳುವವರಲ್ಲಿ ಈ ಔಷಧಿಗಳಿಂದ ಉಸಿರಾಟವೇ ಮಂದವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತು.

ಇಷ್ಟನ್ನು ಓದಿದ ಕೂಡಲೆ ಗುಳಿಗೆಯ ಡಬ್ಬಿಯನ್ನು ತಿಪ್ಪೆಗೆಸೆಯಲು ಯಾರಾದರೂ ಎದ್ದಿದ್ದರೆ ದಯವಿಟ್ಟು ಕುಳಿತುಕೊಳ್ಳಬೇಕು. ಈ ಔಷಧಿಗಳನ್ನು ಥಟ್ಟನೆ ಬಿಡಕೂಡದು. ಬಿಟ್ಟರೆ ನಿದ್ರಾಹೀನತೆ, ಬೆವರು, ತಳಮಳ, ವಾಕರಿಕೆ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಕಡಿಮೆಯೆಂದರೂ ಒಂದು ವಾರ, ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಅದಕ್ಕಿಂತ ನಿಧಾನವಾಗಿ, ವೈದ್ಯರು ಹೇಳಿದ ಕ್ರಮದಲ್ಲಿಯೇ ಇಳಿಸಬೇಕು. ನೋವನ್ನು ಸಹಿಸುವುದೇ ತಪಸ್ಸೆಂದು ಹಟ ಹಿಡಿಯುವ ಹಿರಿಯರೂ ನಮ್ಮಲ್ಲಿ ಉಂಟು. ಅವರಿಗೆ ನನ್ನ ವಿನಂತಿ ಇಷ್ಟೆ: ನೋವೂ ನೆನಪನ್ನು ಕದಿಯುತ್ತದೆ. ಮೂರು ರಾತ್ರಿ ಉರಿಯಿಂದ ನಿದ್ದೆಯಿಲ್ಲದವನ ಬುದ್ಧಿ ಯಾವ ಗುಳಿಗೆಯೂ ಇಲ್ಲದೆಯೇ ಮಂಕಾಗಿರುತ್ತದೆ. ಆದ್ದರಿಂದ ನೋವನ್ನು ನಿರ್ಮೂಲ ಮಾಡುವ ಹಂಬಲ ಬೇಡ. ಈ ಜಾತಿಯ ನೋವು ಅರ್ಧಕ್ಕೆ ಇಳಿದರೆ ವೈದ್ಯರೇ ಅದನ್ನು ಗೆಲುವೆಂದು ಎಣಿಸುತ್ತಾರೆ. ಉಳಿದರ್ಧಕ್ಕಾಗಿ ಗುಳಿಗೆಯನ್ನು ಏರಿಸುತ್ತ ಹೋದಾಗಲೇ ಬುದ್ಧಿಗೆ ಹೆಚ್ಚಿನ ದಂಡ ಬೀಳುವುದು.

ಔಷಧಿ ಆರಂಭಿಸಿದ ಮೊದಲ ಒಂದೆರಡು ವಾರಗಳ ತೂಕಡಿಕೆ ಹಲವರಲ್ಲಿ ತಾನೇ ಕಡಿಮೆಯಾಗುತ್ತದೆ. ಆಗಲೂ ಹೋಗದಿದ್ದರೆ, ಇಲ್ಲವೆ ಪ್ರಮಾಣ ಏರಿಸಿದ ಮೇಲೆ ಮರೆವು ಬಂದರೆ, ವೈದ್ಯರಲ್ಲಿ ದಾರಿಗಳಿವೆ. ಪ್ರಮಾಣವನ್ನು ತಗ್ಗಿಸಬಹುದು, ಹೆಚ್ಚಿನ ಪಾಲನ್ನು ರಾತ್ರಿಗೆ ಸರಿಸಬಹುದು. ಡ್ಯುಲಾಕ್ಸೆಟಿನ್ ಎಂಬುದಕ್ಕೆ ಬದಲಿಸಬಹುದು. ಅದು ಕೆಲವರಿಗೆ ವಾಕರಿಕೆ ತರುವುದಾದರೂ ಮಂಪರು ಸಾಮಾನ್ಯವಾಗಿ ಕಡಿಮೆ. ಯಕೃತ್ತಿನ ರೋಗ, ಮೂತ್ರಪಿಂಡದ ತೀವ್ರ ರೋಗ ಇದ್ದವರಿಗೆ ಅದು ಸಲ್ಲದು. ನೋವು ಒಂದೇ ಕಡೆ ಇದ್ದರೆ ಲಿಗ್ನೊಕೇಯ್ನ್ ಪಟ್ಟಿ, ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮುಲಾಮು ಇವನ್ನು ಹಚ್ಚುವ ಉಪಾಯವಿದೆ. ಇವು ಚರ್ಮದ ನರದಲ್ಲಿಯೇ ಕೆಲಸ ಮಾಡುವುದರಿಂದ ತಲೆಯ ತಂಟೆಗೆ ಬರುವುದಿಲ್ಲ. (ಇದನ್ನು ಕೇಳಿ ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿಕೊಂಡವರೊಬ್ಬರನ್ನು ಬಲ್ಲೆ. ಅವರ ಆ ದಿನದ ಅವಸ್ಥೆ ಬೇರೆ ಲೇಖನಕ್ಕೆ ವಸ್ತು.) ಮುಖದ ನರಶೂಲೆಗೆ ಔಷಧಿ ತಾಳದಿದ್ದರೆ ಶಸ್ತ್ರಚಿಕಿತ್ಸೆಯೂ ಉಂಟು.

ಎಲ್ಲವನ್ನೂ ಗುಳಿಗೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನಡೆದರೆ ಬಿ12 ಜೀವಸತ್ವ ಕುಂದಬಹುದು. ಅದರ ಕೊರತೆ ಕಾಲು ಜೋಮನ್ನೂ ಮರೆವನ್ನೂ ಎರಡನ್ನೂ ತರಬಲ್ಲುದು. ಶುದ್ಧ ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಈ ಕೊರತೆಯ ಸಂಭವ ಹೆಚ್ಚೇ. ಥೈರಾಯ್ಡ್, ಸೋಡಿಯಂ, ಬಿ12 ಪರೀಕ್ಷೆಗಳನ್ನು ಮಾಡಿಸಿದ ಮೇಲೆಯೇ ನಿರ್ಣಯಕ್ಕೆ ಬರಬೇಕು. ಗುಳಿಗೆ ಇಳಿಸಿದ ಮೇಲೂ ಮರೆವು ಉಳಿದು ಬೆಳೆಯುತ್ತಿದ್ದರೆ ಅದು ಬೇರೆಯೇ ರೋಗವಿರಬಹುದು, ಅದಕ್ಕೂ ವೈದ್ಯರಿದ್ದಾರೆ.

ಪ್ರಮಾಣ ಹೊಂದುವವರೆಗಿನ ದಿನಗಳನ್ನು ಮನೆಯವರು ಹೇಗೆ ಕಳೆಯುತ್ತಾರೆಂಬುದರ ಮೇಲೆ ಹಿರಿಯರ ಮಾನ ನಿಂತಿದೆ. "ಈಗರೆ ಹೇಳೇನಲ್ಲ ಅಪ್ಪಾ, ಎಷ್ಟ ಸಲ ಹೇಳಬೇಕು" ಎಂಬ ಮಾತು ಹೇಳುವವನಿಗೆ ಸಣ್ಣದು, ಕೇಳುವವನಿಗೆ ಕೂರಲಗು. ಪದ ಸಿಗದೆ ಅವರು ನಿಂತಾಗ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೆ ಎಷ್ಟೋ ಸಲ ಪದ ತಾನೇ ಬರುತ್ತದೆ. ಬರದಿದ್ದರೆ ಮೆಲ್ಲನೆ ಎತ್ತಿಕೊಡಬಹುದು. ಬುದ್ಧಿ ತಿಳಿಯಾಗಿರುವ ಹೊತ್ತು ಯಾವುದೆಂದು ಕಂಡುಕೊಂಡು ಓದು, ಲೆಕ್ಕ, ಪತ್ರವ್ಯವಹಾರಗಳನ್ನು ಆ ಹೊತ್ತಿಗಿಟ್ಟುಕೊಳ್ಳಬೇಕು. ಗುಳಿಗೆ ನುಂಗಿದ್ದನ್ನೇ ಮರೆತು ಮತ್ತೆ ನುಂಗುವುದುಂಟಾದ್ದರಿಂದ ವಾರದ ಏಳು ಮನೆಗಳಿರುವ ಡಬ್ಬಿ ಬಹು ಉಪಯುಕ್ತ. ಜೋಲಿ ಇರುವಷ್ಟು ದಿನ ಸ್ಕೂಟರಿನ ಕೀಲಿ ಮಗನ ಬಳಿ ಇರಲಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಲಿ.

ಹೇಳಲು ಸಂಕೋಚವಾದರೂ ಇನ್ನೊಂದನ್ನು ಹೇಳಲೇಬೇಕು. ಹೊಲಮನೆಗಳ ಪಾಲುಪತ್ರ, ಮೃತ್ಯುಪತ್ರ, ಬ್ಯಾಂಕಿನ ಜಾಮೀನು ಇಂಥವುಗಳಿಗೆ ಹಿರಿಯರ ರುಜು ಹಾಕಿಸುವುದಿದ್ದರೆ, ಔಷಧಿ ಏರಿಳಿಯುತ್ತಿರುವ ವಾರಗಳಲ್ಲಿ ಅದನ್ನು ಮುಂದೂಡಬೇಕು. ಮಂಪರಿನಲ್ಲಿ ಬಿದ್ದ ರುಜುವಿನಿಂದ ಒಡಹುಟ್ಟಿದವರು ಕೋರ್ಟು ಹತ್ತಿದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಗಂಟೆಗಳಲ್ಲಿಯೇ ಬುದ್ಧಿ ತಪ್ಪಿದಂತಾದರೆ, ಮಾತು ತೊದಲಿ ಒಂದು ಕೈಕಾಲು ಸೋತರೆ, ಎಬ್ಬಿಸಿದರೂ ಏಳದ ನಿದ್ದೆಯಿದ್ದರೆ, ಉಸಿರು ತೀರ ನಿಧಾನವಾದರೆ, ಬಿದ್ದು ತಲೆಗೆ ಪೆಟ್ಟಾದ ಕೆಲವು ದಿನಗಳ ಮೇಲೆ ಮಂಕು ಕವಿದರೆ, ಅದು ಗುಳಿಗೆಯದೆಂದು ಮನೆಯಲ್ಲಿಯೇ ತೀರ್ಮಾನಿಸದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮಧುಮೇಹಿಗಳಾದರೆ ಸಕ್ಕರೆ ಇಳಿದಿದೆಯೇ ಎಂದು ಮೊದಲು ನೋಡಬೇಕು. ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧಿಯ ಸೀಸೆಯನ್ನೂ, ನೆರೆಮನೆಯವರು ಕೊಟ್ಟದ್ದಿದ್ದರೆ ಅದನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.