ಮನೆಯ ವಸ್ತುವಿಗೆ ಗಣಕದ ನಕ್ಷೆ

ಪೇಟೆಯಲ್ಲಿ ಸಾಮಾನಿಗೆ ಬರವಿಲ್ಲ. ನಮ್ಮ ಮನೆಗೆ ಒಪ್ಪುವ ಅಳತೆಯ ಸಾಮಾನಿಗೆ ಮಾತ್ರ ಯಾವಾಗಲೂ ಬರವೇ. ಸಂಕ್ರಮಣದ ಜಾತ್ರೆಯ ದಿನಗಳಲ್ಲಿ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಣ ಅಂಗಡಿಗಳಲ್ಲಿ ಒಂದು ಸುತ್ತು ತಿರುಗಿ ಬಂದ ಗೃಹಿಣಿಯರನ್ನು ಕೇಳಿದರೆ ಈ ಮಾತಿನ ಸತ್ಯ ಮನದಟ್ಟಾಗುವುದು. ಗೋಡೆಯ ಮೂಲೆಗೆ ಸರಿಯಾಗಿ ಕೂಡುವ ಹಲಗೆ, ಮಿಕ್ಸರಿನ ಮುರಿದ ಗುಂಡಿಗೆ ಬದಲು ಗುಂಡಿ, ಖಡಕ್ ರೊಟ್ಟಿಗಳನ್ನು ಮುರಿಯದಂತೆ ಸಾಲಾಗಿ ನಿಲ್ಲಿಸುವ ಸ್ಟ್ಯಾಂಡು, ಇಂಥವು ಸಿಕ್ಕರೂ ಅಳತೆಯಲ್ಲಿ ಅರ್ಧ ಅಂಗುಲ ಹೆಚ್ಚೋ ಕಡಿಮೆಯೋ ಆಗಿರುತ್ತವೆ.

ಹಿಂದೆ ಬಡಿಗರಲ್ಲಿಗೆ ಹೋಗಿ, "ಇಷ್ಟುದ್ದ, ಇಷ್ಟಗಲ" ಎಂದು ಕೈಯಿಂದ ತೋರಿಸಿ ಮಾಡಿಸಿಕೊಳ್ಳುವುದು ರೂಢಿಯಾಗಿತ್ತು. ಈಗ ಅನೇಕ ಮನೆಗಳಲ್ಲಿ ಗಣಕಯಂತ್ರವಿದೆ. ಅದರಲ್ಲಿ ನಕ್ಷೆ ಬರೆದರೆ, ಪ್ಲೈವುಡ್ಡನ್ನು ಕತ್ತರಿಸುವ ಯಂತ್ರಕ್ಕಾಗಲಿ, ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಪೇರಿಸಿ ವಸ್ತುವನ್ನು ರೂಪಿಸುವ ಮುದ್ರಣಯಂತ್ರಕ್ಕಾಗಲಿ ಅದನ್ನೇ ಒಪ್ಪಿಸಬಹುದು. ಆದರೆ ಮೊದಲ ಹೆಜ್ಜೆಯಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ. ನಕ್ಷೆ ಬರೆಯುವ ತಂತ್ರಾಂಶಗಳು ಒಂದೆರಡಲ್ಲ. ಅವುಗಳಲ್ಲಿ ಯಾವುದನ್ನು ಆರಿಸಬೇಕು?

ಬಹುಮಂದಿ ಇದನ್ನು ಬೆಲೆಯ ಪ್ರಶ್ನೆಯೆಂದು ಎಣಿಸುತ್ತಾರೆ. ವಾಸ್ತವವಾಗಿ ಇದು ಒಡೆತನದ ಪ್ರಶ್ನೆ. ಇಂದು ಬರೆದ ನಕ್ಷೆಯನ್ನು ಐದು ವರ್ಷಗಳ ಮೇಲೆ ನಾವೇ ತೆರೆದು ತಿದ್ದಲು ಸಾಧ್ಯವೇ? ಅದರಿಂದ ತಯಾರಾದ ವಸ್ತುವನ್ನು ಮಾರಲು ನಮಗೆ ಅನುಮತಿಯುಂಟೇ? ಈ ಎರಡು ಮಾತುಗಳನ್ನು ಮೊದಲೇ ವಿಚಾರಿಸಿಕೊಂಡವರು ಮುಂದೆ ಪರಿತಪಿಸಬೇಕಾಗುವುದಿಲ್ಲ.

ಗುಮ್ಮಟ ಕಲಿಸುವ ಪಾಠ

ಈ ನಕ್ಷೆಯ ವಿದ್ಯೆ ತೀರ ಹೊಸದೆಂದು ವಿಜಯಪುರದವರು ಅಂಜಬೇಕಾದ ಕಾರಣವಿಲ್ಲ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಳಗುಮ್ಮಟವನ್ನೇ ನೋಡಿರಿ. ಕೆಳಗಿನ ಹಜಾರ ಚೌಕ. ಅದರ ಮೇಲೆ ಕೂಡಿಸಬೇಕಾದ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ನಿಲ್ಲಿಸುವುದು ಹೇಗೆ? ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಅಂಶ ತಿರುಗಿಸಿಟ್ಟರೆ ಎಂಟು ಮೂಲೆಗಳ ನಕ್ಷತ್ರವಾಗುತ್ತದೆ. ಅದರ ರೇಖೆಗಳ ಮೇಲೆ ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನೆತ್ತಿ, ಅವುಗಳ ನಡುವೆ ಮೂಡಿದ ವೃತ್ತದ ಮೇಲೆ ಸುಮಾರು 44 ಮೀಟರು ಹೊರವ್ಯಾಸದ ಗುಮ್ಮಟವನ್ನು ಅಂದಿನ ಶಿಲ್ಪಿಗಳು ಕೂಡಿಸಿದರು.

ಇಂದಿನ ತಂತ್ರಾಂಶದಲ್ಲಿ ನಡೆಯುವುದೂ ಇದೇ. ಮೊದಲು ಸಮತಲದ ಮೇಲೆ ಗೆರೆಗಳ ಆಕೃತಿ. ಗೆರೆಗಳಿಗೆ "ಇವೆರಡೂ ಸಮ, ಇದಕ್ಕೆ ಅದು ಲಂಬ" ಎಂಬ ಕಟ್ಟಳೆ. ಆಮೇಲೆ ಆ ಆಕೃತಿಯನ್ನು ಮೇಲಕ್ಕೆತ್ತಿ ಘನರೂಪ ಕೊಡುವುದು. ಗಣಕದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆಯೆಳೆದು, ಅದಕ್ಕೆ ಇಂಥ ಕಟ್ಟಳೆಗಳನ್ನು ವಿಧಿಸುವುದನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಐವಾನ್ ಸದರ್ಲೆಂಡ್ ಎಂಬಾತ 1963ರಲ್ಲಿ "ಸ್ಕೆಚ್‌ಪ್ಯಾಡ್" ಎಂಬ ತನ್ನ ಪ್ರಬಂಧದಲ್ಲಿ ಸಾಧಿಸಿ ತೋರಿಸಿದನು. ಮೇಜಿನ ಮೇಲಿಡುವ ಗಣಕಕ್ಕೆ ಆಟೊಕ್ಯಾಡ್ ಬಂದುದು 1982ರಲ್ಲಿ.

ಅಳತೆಯದೋ, ಆಕಾರದ್ದೋ?

ತಂತ್ರಾಂಶಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಒಂದು ಜಾತಿಯದು ಬಡಿಗನಂತೆ ಅಳತೆಯಿಂದ ಹೊರಡುತ್ತದೆ. ಇನ್ನೊಂದು ಕುಂಬಾರನಂತೆ ಆಕಾರದಿಂದ ಹೊರಡುತ್ತದೆ.

ರೊಟ್ಟಿಯ ಸ್ಟ್ಯಾಂಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೊಟ್ಟಿಯ ಅಗಲ 25 ಸೆಂಟಿಮೀಟರು ಎಂದಿಟ್ಟುಕೊಂಡು ನಕ್ಷೆ ಬರೆದಿರಿ. ನೆರೆಮನೆಯವರು ತಟ್ಟುವ ರೊಟ್ಟಿ 20 ಸೆಂಟಿಮೀಟರಿನದು. ಅಳತೆಯ ಜಾತಿಯ ತಂತ್ರಾಂಶದಲ್ಲಾದರೆ 25 ಇದ್ದಲ್ಲಿ 20 ಎಂದು ತಿದ್ದಿದರೆ ಸಾಕು. ಪಕ್ಕದ ಹಲಗೆ, ತಳದ ಪಟ್ಟಿ, ಕಚ್ಚುಗಳು ಎಲ್ಲವೂ ತಾವಾಗಿ ಹೊಂದಿಕೊಳ್ಳುತ್ತವೆ. 6 ಮಿಲಿಮೀಟರಿನದೆಂದು ಮಾರುವ ಪ್ಲೈವುಡ್ಡು ಅಳೆದು ನೋಡಿದರೆ ಎಷ್ಟೋ ಸಲ ಅದಕ್ಕಿಂತ ತೆಳ್ಳಗಿರುತ್ತದೆ. ಹಲಗೆಯ ದಪ್ಪವನ್ನೂ ಇದೇ ರೀತಿ ತಿದ್ದಬಹುದಾದ ಅಂಕಿಯಾಗಿ ಇಟ್ಟುಕೊಂಡಿದ್ದರೆ, ಕಚ್ಚು ಸಡಿಲವಾಗಿ ಹಲಗೆ ಹಾಳಾಗುವುದು ತಪ್ಪುತ್ತದೆ. ಅದೇ ದೇವರ ಮಂಟಪದ ಹೂಬಳ್ಳಿ, ಗೊಂಬೆಯ ಮುಖ ಇಂಥವುಗಳಿಗೆ ಅಂಕಿಗಳು ನೆರವಾಗಲಾರವು. ಅಲ್ಲಿ ಮಣ್ಣನ್ನು ತೀಡಿದಂತೆ ಆಕಾರವನ್ನು ತೀಡಬಲ್ಲ "ಬ್ಲೆಂಡರ್"ನಂಥದು ಬೇಕು.

ಆದುದರಿಂದ ಮಾಡಬೇಕಾದ ವಸ್ತು ಯಾವುದೆಂದು ಮೊದಲು ನಿಶ್ಚಯಿಸಿ, ಬಳಿಕ ತಂತ್ರಾಂಶದ ಕಡೆಗೆ ನೋಡುವುದು ಲೇಸು.

ಯಾರಿಗೆ ಯಾವುದು?

ಶಾಲೆಯ ಮಕ್ಕಳಿಗೂ ಹೊಸಬರಿಗೂ "ಟಿಂಕರ್‌ಕ್ಯಾಡ್" ಯೋಗ್ಯವಾದುದು. 2011ರಲ್ಲಿ ಹುಟ್ಟಿ, 2013ರಲ್ಲಿ ಆಟೊಡೆಸ್ಕ್ ಸಂಸ್ಥೆಯ ಕೈಸೇರಿದ ಇದು ಉಚಿತ. ಪೆಟ್ಟಿಗೆ, ಉರುಳೆ, ಗೋಳಗಳನ್ನು ಕೂಡಿಸಿ ಕಳೆದು ವಸ್ತುವನ್ನು ರೂಪಿಸುವುದು ಇದರ ಕ್ರಮ. ಮಿಕ್ಸರಿನ ಗುಂಡಿಗೆ ಇಷ್ಟೇ ಸಾಕು. ಆದರೆ ಅಂತರಜಾಲವಿಲ್ಲದೆ ಇದು ನಡೆಯದು. ಜೋಡಣೆಯ ಕೆಲಸ ಹೆಚ್ಚಿದಂತೆ ಇದರ ಶಕ್ತಿಯೂ ಸಾಲದಾಗುತ್ತದೆ.

ಕೋಣೆ, ಕಪಾಟು, ಅಡುಗೆಮನೆಯ ಕಟ್ಟೆ ಹೇಗೆ ಕಂಡೀತೆಂದು ಮನೆಯವರಿಗೆ ತೋರಿಸಲು 2000ದಲ್ಲಿ ಹೊರಬಂದ "ಸ್ಕೆಚ್‌ಅಪ್" ಸುಲಭವಾದುದು.

ಉದ್ಯಮಗಳಲ್ಲಿ ಬಳಸುವಷ್ಟು ಸಮರ್ಥವಾದ, ಅಳತೆಯ ಜಾತಿಯ ತಂತ್ರಾಂಶ ಬೇಕೆನ್ನುವವರ ಮುಂದೆ ಮೂರು ಹೆಸರುಗಳು ಬರುತ್ತವೆ: "ಫ್ಯೂಷನ್", "ಆನ್‌ಶೇಪ್" ಮತ್ತು "ಫ್ರೀಕ್ಯಾಡ್". ಮೊದಲಿನೆರಡು ನಯವಾಗಿ ನಡೆಯುತ್ತವೆ. ಕಲಿಯುವ ಪಾಠಗಳೂ ಹೇರಳವಾಗಿವೆ. ಎರಡಕ್ಕೂ ಉಚಿತ ಪರವಾನಗಿಯುಂಟು, ಆದರೆ ಅದಕ್ಕೆ ನಿಬಂಧನೆಗಳೂ ಉಂಟು. ಫ್ರೀಕ್ಯಾಡ್ 2002ರಿಂದ ಸ್ವಯಂಸೇವಕರ ದುಡಿಮೆಯಿಂದ ಬೆಳೆದುಬಂದು, 2024ರ ನವೆಂಬರಿನಲ್ಲಿ ತನ್ನ 1.0 ಆವೃತ್ತಿಯನ್ನು ಕಂಡಿತು. ಕಲಿಕೆ ತುಸು ಕಠಿಣ. ಆದರೆ ಇದು ನಮ್ಮ ಗಣಕದಲ್ಲಿಯೇ ನೆಲಸುತ್ತದೆ. ಅಂತರಜಾಲದ ಹಂಗಿಲ್ಲ, ವರ್ಷದ ಬಾಡಿಗೆಯಿಲ್ಲ. ಮನೆಯ ಬಳಕೆಗೂ ಮಾರಾಟಕ್ಕೂ ಒಂದೇ ಪರವಾನಗಿ.

ಉಚಿತದ ಬೆಲೆ

ಮೇಲೆ ಹೇಳಿದ ನಿಬಂಧನೆಗಳನ್ನು ಲಘುವಾಗಿ ಎಣಿಸುವಂತಿಲ್ಲ. ಆನ್‌ಶೇಪಿನ ಉಚಿತ ಪರವಾನಗಿಯಲ್ಲಿ ಬರೆದ ನಕ್ಷೆ ಎಲ್ಲರ ಕಣ್ಣಿಗೂ ತೆರೆದಿರುತ್ತದೆ. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. ಫ್ಯೂಷನ್ನಿನ ಉಚಿತ ಪರವಾನಗಿಯೂ ಸ್ವಂತ ಬಳಕೆಗೆಂದೇ ಕೊಟ್ಟುದು. 2020ರ ಸೆಪ್ಟೆಂಬರಿನಲ್ಲಿ ಅದರ ಒಡೆಯರಾದ ಆಟೊಡೆಸ್ಕ್ ಸಂಸ್ಥೆಯವರು ಉಚಿತ ಬಳಕೆದಾರರು ಒಂದೇ ಕಾಲಕ್ಕೆ ತಿದ್ದಬಹುದಾದ ನಕ್ಷೆಗಳನ್ನು 10ಕ್ಕೆ ಮಿತಿಗೊಳಿಸುವುದಾಗಿ ಪ್ರಕಟಿಸಿದರು. ಇತರ ತಂತ್ರಾಂಶಗಳೂ ಓದಬಲ್ಲ "ಸ್ಟೆಪ್" ಎಂಬ ರೂಪದಲ್ಲಿ ನಕ್ಷೆಯನ್ನು ಹೊರತೆಗೆಯುವ ಸೌಕರ್ಯವನ್ನೂ ನಿಲ್ಲಿಸುವೆವೆಂದರು. ಬಳಕೆದಾರರು ಜಗತ್ತಿನೆಲ್ಲೆಡೆ ಪ್ರತಿಭಟಿಸಿದ ಮೇಲೆ ಸ್ಟೆಪ್ ಸೌಕರ್ಯವನ್ನು ಉಳಿಸಿದರು. 10ರ ಮಿತಿ ಉಳಿಯಿತು. ಉಚಿತವಾಗಿ ಕೊಟ್ಟವರು ಮುಂದೊಂದು ದಿನ ನಿಬಂಧನೆಯನ್ನು ಬದಲಿಸುವುದು ಅನ್ಯಾಯವೆನ್ನಲಾಗದು. ಆದರೆ ಆ ದಿನ ನಮ್ಮ ದುಡಿಮೆಯೆಲ್ಲ ಅವರ ಮನೆಯಲ್ಲಿದ್ದರೆ ನಮ್ಮ ಗತಿಯೇನೆಂಬುದನ್ನು ನಾವೇ ಯೋಚಿಸಬೇಕು.

ಇದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು (1880–1964) ವಚನಗಳ ಪ್ರಕಟಣೆಗೆ ಪರರನ್ನು ನೆಚ್ಚಿ ಕೂಡದೆ, ಹಿತಚಿಂತಕವೆಂಬ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿದರು. ಅವರ ಸಾಧನೆಯೊಡನೆ ನಮ್ಮ ರೊಟ್ಟಿಯ ಸ್ಟ್ಯಾಂಡನ್ನು ಹೋಲಿಸುವ ಧಾರ್ಷ್ಟ್ಯ ಬೇಡ. ಆದರೂ ಸಾಧನ ಕೈಯಲ್ಲಿದ್ದವನಿಗೆ ಕೆಲಸದ ಮೇಲೂ ಹಿಡಿತವಿರುತ್ತದೆಂಬ ಪಾಠ ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ.

ಮನೆಯ ಹವ್ಯಾಸ ಗೃಹೋದ್ಯೋಗವಾಗುವುದಕ್ಕೆ ಹೆಚ್ಚು ಕಾಲ ಬೇಡ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯವರು ಒಣದ್ರಾಕ್ಷಿಯನ್ನು ತೂಗಿ ತುಂಬಲೊಂದು ಆಲಿಕೆಯನ್ನು ರೂಪಿಸಿದರೆನ್ನಿ. ಬಬಲೇಶ್ವರದ ಮಹಿಳಾ ಸಂಘವೊಂದು ರೊಟ್ಟಿ ಮಾರಲು ಮಡಿಸುವ ಪೆಟ್ಟಿಗೆಯನ್ನು ರೂಪಿಸಿತೆನ್ನಿ. ನಾಲ್ಕು ಜನ ಕೇಳಿದೊಡನೆ ಅದು ವ್ಯಾಪಾರವೇ. ನಮ್ಮ ದೇಶದ 2000ದ ವಿನ್ಯಾಸಗಳ ಅಧಿನಿಯಮದಂತೆ ವಸ್ತುವೊಂದರ ಹೊಸ ಹೊರರೂಪವನ್ನು ನೋಂದಾಯಿಸಿದರೆ ಮೊದಲಿಗೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ನೋಂದಣಿಗೆ ಮೊದಲೇ ಆ ರೂಪವು ಸಾರ್ವಜನಿಕವಾಗಿರಬಾರದು. ಎಲ್ಲರಿಗೂ ತೆರೆದಿರುವ ಖಾತೆಯಲ್ಲಿ ಬರೆದಿಟ್ಟ ನಕ್ಷೆಯಿಂದ ಈ ಹಕ್ಕಿಗೇ ಕುತ್ತು ಬರಬಹುದು.

ಆರಿಸುವ ಮುನ್ನ

ಯಾವುದನ್ನೇ ಆರಿಸಿದರೂ ಕೆಲವು ಎಚ್ಚರಗಳು ಅವಶ್ಯ. ನಕ್ಷೆ ಮುಗಿದ ದಿನವೇ ಅದರ ಮೂಲ ಕಡತದೊಡನೆ ಸ್ಟೆಪ್ ರೂಪದ ಪ್ರತಿಯೊಂದನ್ನೂ ಮನೆಯಲ್ಲಿ ಕಾಪಿಡಬೇಕು. ಮುದ್ರಣಯಂತ್ರಕ್ಕೆ ಕೊಡುವ "ಎಸ್‌ಟಿಎಲ್" ಕಡತದಲ್ಲಿರುವುದು ಬರಿಯ ತ್ರಿಕೋನಗಳ ಹೊದಿಕೆ. ಮುಂದೆ ಅಳತೆ ತಿದ್ದಲು ಅದು ಉಪಯೋಗಕ್ಕೆ ಬಾರದು. ವಸ್ತುವನ್ನು ಅಳೆಯಲು ದರ್ಜಿಯ ಟೇಪು ಸಾಲದು. ವರ್ನಿಯರ್ ಕ್ಯಾಲಿಪರ್ ಇರಲಿ. ವಸ್ತುವು ಯಾವುದರಿಂದ ತಯಾರಾಗುವುದೆಂಬುದೂ ನೆನಪಿರಬೇಕು. ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿಯಲ್ಲಿಯೇ ಮೆತ್ತಗಾಗುತ್ತದೆ. ವಿಜಯಪುರದ ಬೇಸಗೆಯಲ್ಲಿ ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ನಕ್ಷೆ ಎಷ್ಟು ಸರಿಯಿದ್ದರೂ ವಸ್ತು ಸೊಟ್ಟಗಾಗುವುದು.

ಹಣ ತೆರುವ ಮೊದಲು ಒಂದು ಪರೀಕ್ಷೆ ಮಾಡಿರಿ. ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದನ್ನು 45 ಅಂಶ ತಿರುಗಿಸಿ, ನಡುವಿನ ಎಂಟು ಮೂಲೆಯ ಆಕೃತಿಯಲ್ಲಿ ವೃತ್ತವೊಂದನ್ನು ಕೂಡಿಸಿ ಮೇಲಕ್ಕೆತ್ತಿರಿ. ಈಗ ಚೌಕದ ಅಳತೆಯೊಂದನ್ನೇ ಬದಲಿಸಿರಿ. ಮಿಕ್ಕದ್ದೆಲ್ಲ ತಾನಾಗಿ ಹಿಂಬಾಲಿಸಿತೇ? ನಕ್ಷೆಯನ್ನು ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆಯಲು ಬಂದಿತೇ? ಎರಡಕ್ಕೂ ಹೌದೆಂಬ ಉತ್ತರ ದೊರೆತು, ಪರವಾನಗಿಯೂ ನಿಮ್ಮ ಉದ್ದೇಶಕ್ಕೆ ಒಪ್ಪಿದರೆ, ಅದು ನಿಮ್ಮ ಮನೆಗೆ ತಕ್ಕ ತಂತ್ರಾಂಶವೆಂದು ತಿಳಿಯಿರಿ.