ಕಲ್ಲು ತಂದ ತಂದೆ, ಅರಮನೆ ಸುಟ್ಟ ಮಗ

ಜೇಡವೊಂದು ಮತ್ತೆ ಮತ್ತೆ ಬಿದ್ದು, ಕೊನೆಗೂ ಬಲೆ ನೇಯ್ದದ್ದನ್ನು ಕಂಡು ಧೈರ್ಯ ತಂದುಕೊಂಡ ರಾಜನ ಕಥೆಯನ್ನು ಶಾಲೆಯಲ್ಲಿ ಓದದವರು ಯಾರು? ಆ ರಾಜ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್. ಜೇಡದ ಸಂಗತಿ ನಿಜವೋ ಕಟ್ಟುಕಥೆಯೋ, ಇರಲಿ. ಬ್ರೂಸ್ ಎಂಬ ಆ ಮನೆತನದ ಹಿರಿತನವನ್ನು ಈಗ ಹೊತ್ತಿರುವವರು ಎಲ್ಗಿನ್ ಅರ್ಲ್‌ಗಳು. ಅರ್ಲ್ ಎಂದರೆ ಅಲ್ಲಿಯ ಶ್ರೀಮಂತ ಪದವಿಗಳಲ್ಲಿ ಒಂದು. ತಂದೆಯಿಂದ ಹಿರಿಯ ಮಗನಿಗೆ ಇಳಿದು ಬರುವಂಥದು. ಇವರ ಮನೆ ಡನ್‌ಫರ್ಮ್‌ಲೈನ್ ಊರಿನ ಹತ್ತಿರದ ಬ್ರೂಮ್‌ಹಾಲ್. ನಾವು ಇಲ್ಲಿ ಮುಖ್ಯವಾಗಿ ನೋಡುವುದು ಎಂಟನೆಯ ಅರ್ಲ್ ಜೇಮ್ಸ್ ಬ್ರೂಸ್‌ನನ್ನು. ಆತ ನಮ್ಮ ದೇಶದ ವೈಸ್‌ರಾಯ್ ಆಗಿ ಬಂದು ಇಲ್ಲಿಯೇ ಮಣ್ಣಾದವನು.

ಮಗನ ಕಥೆ ತಿಳಿಯಬೇಕಾದರೆ ಅಪ್ಪನ ಸಾಲದ ಕಥೆ ಮೊದಲು ತಿಳಿಯಬೇಕು. ಏಳನೆಯ ಅರ್ಲ್ ಥಾಮಸ್ ಬ್ರೂಸ್ 1799ರಲ್ಲಿ ತುರ್ಕಿ ಸುಲ್ತಾನನ ಆಸ್ಥಾನಕ್ಕೆ ಬ್ರಿಟಿಷ್ ರಾಯಭಾರಿಯಾಗಿ ಹೋದ. ಆಗ ಗ್ರೀಸ್ ತುರ್ಕಿಯವರ ಕೈಯಲ್ಲಿತ್ತು. ಅಥೆನ್ಸಿನ ಪಾರ್ಥೆನಾನ್ ಗುಡಿಯ ಅಮೃತಶಿಲೆಯ ಶಿಲ್ಪಗಳನ್ನು 1801ರಿಂದ ಇವನ ಜನ ಕಿತ್ತು, ಕೊಯ್ದು, ಹಡಗಿಗೆ ತುಂಬಿದರು. ಸುಲ್ತಾನನ ಅಪ್ಪಣೆ ಎಷ್ಟರ ಮಟ್ಟಿಗಿತ್ತು ಎಂಬ ವಾದ ಇನ್ನೂ ಮುಗಿದಿಲ್ಲ. ಒಂದು ಹಡಗು ಮುಳುಗಿತು. ಕಲ್ಲುಗಳನ್ನು ಸಮುದ್ರದ ತಳದಿಂದ ಮೇಲೆತ್ತಿಸಬೇಕಾಯಿತು. ಊರಿಗೆ ಮರಳುವಾಗ ನೆಪೋಲಿಯನ್ನನ ಫ್ರಾನ್ಸ್ ಅವನನ್ನು 1803ರಿಂದ 1806ರ ತನಕ ಹಿಡಿದಿಟ್ಟಿತು. ಶ್ರೀಮಂತರ ಮನೆಯ ಹೆಂಡತಿ ಮೇರಿ ನಿಸ್ಬೆಟ್ ಕೈಬಿಟ್ಟುಹೋಗಿ 1808ರಲ್ಲಿ ವಿಚ್ಛೇದನವೂ ಆಯಿತು. ಕವಿ ಬೈರನ್ ಇವನನ್ನು ಪದ್ಯದಲ್ಲಿ ಹಿಗ್ಗಾಮುಗ್ಗಾ ಬೈದ. ಬಡ್ಡಿಯೂ ಸೇರಿ ತನಗೆ 74,000 ಪೌಂಡು ಖರ್ಚಾಗಿದೆ ಎಂದು ಅವನು ಲೆಕ್ಕ ಕೊಟ್ಟರೆ, 1816ರಲ್ಲಿ ಸರಕಾರ ಕೊಟ್ಟದ್ದು 35,000. ಕೊನೆಗೆ ಸಾಲಗಾರರಿಗೆ ಮುಖ ಮರೆಸಿಕೊಂಡು ಫ್ರಾನ್ಸಿನಲ್ಲಿ ನೆಲೆಸಿ, 1841ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡ.

ಜೇಮ್ಸ್ ಅವನ ಎರಡನೆಯ ಮದುವೆಯ ಮಗ. ಹುಟ್ಟಿದ್ದು 1811ರಲ್ಲಿ. ಮಲ ಅಣ್ಣ 1840ರಲ್ಲಿ ತೀರಿಹೋದದ್ದರಿಂದ ಪದವಿ ಇವನ ಪಾಲಿಗೆ ಬಂತು. ಜೊತೆಗೆ ಸಾಲವೂ ಬಂತು. ಆಕ್ಸ್‌ಫರ್ಡಿನಲ್ಲಿ ಇವನ ಓರಗೆಯವರು ಡಾಲ್‌ಹೌಸಿ ಮತ್ತು ಕ್ಯಾನಿಂಗ್. ಮೂವರೂ ಒಬ್ಬರಾದ ಮೇಲೊಬ್ಬರು ಭಾರತವನ್ನು ಆಳಲು ಬಂದರು. ಆದರೆ ಎಲ್ಗಿನ್‌ಗೆ ದೂರದೇಶದ ನೌಕರಿ ಬರೀ ಕೀರ್ತಿಯ ಮಾತಲ್ಲ, ಸಂಬಳದ ಮಾತು ಕೂಡ. 1842ರಲ್ಲಿ ಜಮೈಕಾಕ್ಕೆ ಗವರ್ನರ್ ಆಗಿ ಹೋದ. ಮರುವರ್ಷ ಅಲ್ಲಿಯೇ ಹೆಂಡತಿ ಎಲಿಜಬೆತ್ ತೀರಿಕೊಂಡಳು. ಎಳೆಗೂಸೊಂದು ಉಳಿಯಿತು.

ಇವನ ಬಾಳಿನ ಬೆಳಕಿನ ಭಾಗ ಕೆನಡಾದ್ದು. ಹೊರನಾಡಿನಲ್ಲಿ ಕನ್ನಡ ಕಲಿಯುತ್ತಿರುವ ನಮ್ಮ ಯುವ ಮಿತ್ರರು ಇದನ್ನು ಗಮನವಿಟ್ಟು ಓದಬೇಕು. 1846ರಲ್ಲಿ ಎಲ್ಗಿನ್ ಮದುವೆಯಾದದ್ದು ಡರ್ಹಮ್ ಪ್ರಭುವಿನ ಮಗಳು ಮೇರಿ ಲೂಯಿಸಾಳನ್ನು. ಕೆನಡಾದ ಬಗ್ಗೆ 1839ರಲ್ಲಿ ಪ್ರಸಿದ್ಧ ವರದಿ ಬರೆದವನು ಈ ಡರ್ಹಮ್. ಜನರು ಆರಿಸಿದ ಸಭೆಗೆ ಮಂತ್ರಿಗಳು ಹೊಣೆಯಾಗಿರಲಿ ಎಂಬುದು ಅವನ ಒಂದು ಸಲಹೆ. ಫ್ರೆಂಚ್ ಮಾತಾಡುವವರನ್ನು ಇಂಗ್ಲಿಷರಲ್ಲಿ ಕರಗಿಸಿಬಿಡಬೇಕು ಎಂಬುದು ಇನ್ನೊಂದು. ಅಳಿಯ ಮೊದಲನೆಯದನ್ನು ನಡೆಸಿಕೊಟ್ಟ, ಎರಡನೆಯದನ್ನು ಬದಿಗಿಟ್ಟ. 1849ರ ಜನವರಿಯಲ್ಲಿ ಶಾಸನಸಭೆಯ ಆರಂಭದ ಭಾಷಣವನ್ನು ಇಂಗ್ಲಿಷಿನ ಜೊತೆಗೆ ಫ್ರೆಂಚಿನಲ್ಲಿಯೂ ಓದಿದ. ಸಭೆಯ ದಾಖಲೆಗೆ ಇಂಗ್ಲಿಷ್ ಒಂದೇ ಸಾಕು ಎಂಬ ಕಾನೂನು ರದ್ದಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ!

ಅದೇ ವರ್ಷ ಏಪ್ರಿಲ್ 25ರಂದು, 1837-38ರ ದಂಗೆಯಲ್ಲಿ ಆಸ್ತಿ ಕಳೆದುಕೊಂಡ ಕೆಳ ಕೆನಡಾದವರಿಗೆ ಪರಿಹಾರ ಕೊಡುವ ಮಸೂದೆಗೆ ಸಹಿ ಹಾಕಿದ. ಮಾಂಟ್ರಿಯಲ್ಲಿನ ಇಂಗ್ಲಿಷ್ ಗುಂಪು ಅವನ ಗಾಡಿಗೆ ಕೊಳೆತ ಮೊಟ್ಟೆ ಎಸೆಯಿತು. ಆ ರಾತ್ರಿಯೇ ಶಾಸನಸಭೆಯ ಕಟ್ಟಡಕ್ಕೆ ಬೆಂಕಿ ಬಿತ್ತು, ಪುಸ್ತಕ ಭಂಡಾರ ಬೂದಿಯಾಯಿತು. ಕೆಲವು ದಿನಗಳ ಮೇಲೆ ಕಲ್ಲುಗಳೂ ಬಿದ್ದವು. ಎಲ್ಗಿನ್ ಸೈನ್ಯ ಬಿಟ್ಟು ಗುಂಡು ಹಾರಿಸಲಿಲ್ಲ. ಸಹಿಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಮೂರು ವಾರ ಕಳೆದು, ಮೇ 16ರಂದು, ಅದೇ ಊರಲ್ಲಿ ಅವನ ಮಗ ವಿಕ್ಟರ್ ಹುಟ್ಟಿದ.

ಇಷ್ಟು ತಾಳ್ಮೆಯ ಮನುಷ್ಯ ಮುಂದೆ ಚೀನಾದಲ್ಲಿ ಮಾಡಿದ್ದನ್ನು ನೋಡಿದರೆ ಅಚ್ಚರಿಯಾಗುತ್ತದೆ. ಅಫೀಮಿನ ವ್ಯಾಪಾರಕ್ಕೂ ಬಂದರುಗಳಿಗೂ ನಡೆದ ಎರಡನೆಯ ಯುದ್ಧಕ್ಕೆ 1857ರಲ್ಲಿ ಇವನನ್ನು ಕಳಿಸಿದರು. ದಾರಿಯಲ್ಲಿ ಸಿಂಗಾಪುರದಲ್ಲಿ ಕ್ಯಾನಿಂಗನ ಪತ್ರ ಬಂತು: ಉತ್ತರ ಭಾರತದಲ್ಲಿ ಸಿಪಾಯಿಗಳು ಎದ್ದಿದ್ದಾರೆ, ಸೈನ್ಯ ಬೇಕು. ಎಲ್ಗಿನ್ ತನ್ನ ಪಡೆಯನ್ನು ಕಲಕತ್ತೆಗೆ ತಿರುಗಿಸಿದ, ತಾನೂ ಅಲ್ಲಿಗೆ ಹೋಗಿಬಂದ. ಅಲ್ಲಿಯ ಬಿಳಿಯರು ನಮ್ಮವರನ್ನು ಕಾಣುತ್ತಿದ್ದ ತಾತ್ಸಾರ ಅವನಿಗೇ ಹೇಸಿಗೆ ತರಿಸಿತೆಂದು ಅವನ ಪತ್ರಗಳು ಹೇಳುತ್ತವೆ. ಚೀನಾ ಯುದ್ಧಕ್ಕೆ ನೆಪವಾದ ಹಡಗಿನ ಪ್ರಕರಣವೂ ತಮಗೆ ನಾಚಿಕೆಗೇಡೆಂದೇ ಬರೆದುಕೊಂಡ. ತಿಳಿದೂ ತಿಳಿದೂ ಆ ಕೆಲಸ ಮುಂದುವರಿಸಿದ.

1860ರಲ್ಲಿ ಎರಡನೆಯ ಸಲ ಹೋದಾಗ, ಸಂಧಾನದ ಬಿಳಿ ಬಾವುಟ ಹಿಡಿದು ಹೋಗಿದ್ದ ಬ್ರಿಟಿಷ್, ಫ್ರೆಂಚ್, ಸಿಖ್ ಮಂದಿಯನ್ನು ಚೀನೀ ಅಧಿಕಾರಿಗಳು ಸೆರೆಹಿಡಿದರು. ಹಲವರು ಚಿತ್ರಹಿಂಸೆಯಿಂದ ಸತ್ತರು. ಅದಕ್ಕೆ ದಂಡನೆಯೆಂದು ಎಲ್ಗಿನ್ ಆರಿಸಿಕೊಂಡದ್ದು ಪೀಕಿಂಗಿನ ಹೊರಗಿದ್ದ ಚಕ್ರವರ್ತಿಯ ಯುವಾನ್‌ಮಿಂಗ್ ಯುವಾನ್ ಅರಮನೆಯನ್ನು. ಸೈನಿಕರು ಅದನ್ನು ಮೊದಲೇ ದೋಚಿದ್ದರು. ಅಕ್ಟೋಬರ್ 18ರಂದು ಬೆಂಕಿ ಇಡಲು ಅಪ್ಪಣೆಯಾಯಿತು. ಜೊತೆಗಿದ್ದ ಫ್ರೆಂಚರು ಸುಡುವ ಕೆಲಸಕ್ಕೆ ಕೈಹಾಕಲು ಒಪ್ಪಲಿಲ್ಲ. ಜನರ ಮೇಲಲ್ಲ, ಚಕ್ರವರ್ತಿಯ ಮೇಲೆಯೇ ಪೆಟ್ಟು ಬೀಳಲಿ ಎಂಬುದು ಎಲ್ಗಿನ್‌ನ ಸಮರ್ಥನೆ. ನನಗಂತೂ ಆ ಸಮರ್ಥನೆ ಒಪ್ಪಿಗೆಯಿಲ್ಲ. ಮಾಂಟ್ರಿಯಲ್ಲಿನಲ್ಲಿ ಪುಸ್ತಕಗಳು ಉರಿದದ್ದನ್ನು ಬಲ್ಲವನಿಗೆ ಕಟ್ಟಡ ಸುಡುವುದೆಂದರೆ ಏನೆಂದು ಗೊತ್ತಿರಲಿಲ್ಲವೇ? ಅಂದಹಾಗೆ, ಆ ದಂಡಯಾತ್ರೆಗೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದವರೂ ಹೋಗಿದ್ದರು.

1862ರಲ್ಲಿ ಕ್ಯಾನಿಂಗನ ಜಾಗಕ್ಕೆ ವೈಸ್‌ರಾಯ್ ಆಗಿ ಬಂದವನು ಎರಡು ವರ್ಷವೂ ಪೂರೈಸಲಿಲ್ಲ. ಮರುವರ್ಷ ಸಿಮ್ಲಾದಿಂದ ಬೆಟ್ಟದ ದಾರಿಯಲ್ಲಿ ಹೊರಟು, ರೋಹ್ತಾಂಗ್ ಕಣಿವೆ ಹತ್ತಿ, ಚಂದ್ರಾ ನದಿಯ ಮೇಲೆ ಕಡ್ಡಿ ಹೆಣೆದ ತೂಗುಸೇತುವೆ ದಾಟುವಾಗ ಎದೆ ಸೋತಿತು. ಧರ್ಮಶಾಲೆಗೆ ತರುವ ಹೊತ್ತಿಗೆ ಆಸೆ ಉಳಿದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸ್ಮಶಾನಕ್ಕೆ ಹೋಗಿ ಜಾಗ ನೋಡಿ ಬಾ ಎಂದು ಹೆಂಡತಿಯನ್ನೇ ಕಳಿಸಿದ. ಮೇರಿ ಲೂಯಿಸಾ ಹೋಗಿ ನೋಡಿಬಂದಳು. ನವೆಂಬರ್ 20ರಂದು, 52ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟ. ದೇವದಾರು ಮರಗಳ ನಡುವೆ ಸೇಂಟ್ ಜಾನ್ ಚರ್ಚಿನ ಅಂಗಳದಲ್ಲಿ ಆ ಗೋರಿ ಇದೆ. ದೆಹಲಿಯ ಮಿತ್ರರು ಮೆಕ್‌ಲಿಯೋಡ್ ಗಂಜಿಗೆ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ನೋಡಬಹುದು.

ತಂದೆ ಸತ್ತಾಗ ವಿಕ್ಟರನಿಗೆ 14 ವರ್ಷ. ಮೂವತ್ತು ವರ್ಷಗಳ ಮೇಲೆ, 1894ರಲ್ಲಿ, ಅವನೂ ಇಲ್ಲಿಗೆ ವೈಸ್‌ರಾಯ್ ಆಗಿ ಬಂದ. ಅದೇ ಡಿಸೆಂಬರಿನಲ್ಲಿ ಕಲಕತ್ತೆಗೆ ಹೋಗಿದ್ದ ಮೈಸೂರಿನ ಚಾಮರಾಜೇಂದ್ರ ಒಡೆಯರು ಅಲ್ಲಿಯೇ ತೀರಿಕೊಂಡರು. ಹತ್ತು ವರ್ಷದ ಮಗನ ಪರವಾಗಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ಹೊತ್ತರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, ಆಮೇಲೆ ಪುಣೆಗೆ, ಜೊತೆಗೇ ಬರಗಾಲ. ಮನೆಮನೆ ನುಗ್ಗಿ ತಪಾಸಣೆ ನಡೆಸಲು ಸರಕಾರಕ್ಕೆ ಅಧಿಕಾರ ಕೊಟ್ಟ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರಲ್ಲಿ ಇವನ ಕಾಲದಲ್ಲೇ ಆದದ್ದು. 2020ರಲ್ಲಿ ಕೋವಿಡ್ ಬಂದಾಗ ರಾಜ್ಯ ಸರಕಾರಗಳು ಕಪಾಟಿನಿಂದ ಹೊರತೆಗೆದದ್ದು ಅದೇ ಕಾಯ್ದೆಯನ್ನು.